ನಲವತ್ತೊಂದನೆಯ ಮಾಕಳಿ

ಎಲೆಯ ಮೇಲ್ತುದಿಗೆ ಉಪ್ಪು ಬಿತ್ತು, ಅದರ ಪಕ್ಕಕ್ಕೆ ಉಪ್ಪಿನಕಾಯಿ ಬಿತ್ತು. ಕೋಸಂಬರಿ ಬಡಿಸುವವರು ಇನ್ನೂ ಪಂಕ್ತಿಯ ಆ ಕೊನೆಯಲ್ಲಿದ್ದರು. ನೀರು ಚಿಮುಕಿಸಿ ಎಲೆ ಒರೆಸುತ್ತಿದ್ದ ದಾಕ್ಷಾಯಿಣಿಯ ಕೈ ಹಾಗೆಯೇ ನಿಂತುಬಿಟ್ಟಿತು. ಮೊಸರು ಬೆರೆತ ಬಿಳಿಯ ರಸದಲ್ಲಿ ಮಾಕಳಿ ಬೇರಿನ ನಾಲ್ಕು ಹೋಳುಗಳು. ಅವುಗಳಿಂದ ಎದ್ದು ಬಂದ ಘಮ... ಸಂತೆಯ ಬೇರಿಗೆ ಆ ಘಮ ಇರುವುದಿಲ್ಲ. ಅದು ಅವಳಿಗೆ ತನ್ನ ಕೈರೇಖೆಯಷ್ಟು ಪರಿಚಿತವಾದ ಘಮ. ಅವಳು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಉಸಿರು ಬಿಡುವುದಕ್ಕೇ ಹೆದರಿದಳು.

ಹೊಳಲ್ಕೆರೆಯ ಗಂಡನ ಮನೆಯಲ್ಲಿ ಅಂದು ನಾದಿನಿ ಅನುಪಮಾಳ ನಿಶ್ಚಿತಾರ್ಥ. ಹನ್ನೆರಡು ದಿನ ಮೈಸೂರಿನ ಪ್ರಯೋಗಾಲಯದಲ್ಲಿದ್ದ ದಾಕ್ಷಾಯಿಣಿ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಸ್ಸಿಳಿದು ಬಂದಿದ್ದಳು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅತ್ತೆ ಕಮಲಮ್ಮ ಎಂದೂ ಇಲ್ಲದ ಅಕ್ಕರೆಯಿಂದ ಅವಳ ರಟ್ಟೆ ಹಿಡಿದು ಕರೆತಂದು, ಹೊಸದುರ್ಗದ ಬೀಗಿತ್ತಿಯ ಪಕ್ಕದಲ್ಲೇ ಕೂರಿಸಿದ್ದರು. ಯಾಕೆಂದು ಆಗ ತಿಳಿದಿರಲಿಲ್ಲ.

ಬೀಗಿತ್ತಿ ಹೋಳೊಂದನ್ನು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದರು. ಇಂಥ ಉಪ್ಪಿನಕಾಯಿ ತಾವು ಹುಟ್ಟಿದಾಗಿನಿಂದ ತಿಂದಿಲ್ಲವೆಂದರು. ಕಮಲಮ್ಮ ಪಂಕ್ತಿಯ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

"ನಮ್ಮತ್ತೆ ಕಾಲದಿಂದ ಬಂದ ಕೈ ರೀ ಇದು. ನಮ್ ಸೊಸೇನ ಕೇಳ್ರಿ ಬೇಕಾರೆ, ಘಮದ ಮೇಲೇ ಓದಿ ಡಾಕ್ಟ್ರಾಗ್ಯಾಳೆ. ಹೋದ ಯುಗಾದೀಗೆ ನನ್ನುಪ್ಪಿನಕಾಯಿಗೆ ಘಮ ಇಲ್ಲ ಅಂತ ನಾಕ್ ಜನದೆದುರಿಗೆ ಅಂದಿದ್ಲು. ಈಗ ಹೇಳವ್ವ ದಾಕ್ಷಾಯಿಣಿ, ಹೆಂಗೈತೆ?"

ಪಂಕ್ತಿಯೆಲ್ಲ ಅವಳತ್ತ ತಿರುಗಿತು. ಎದುರು ಸಾಲಿನಲ್ಲಿ ಗಂಡ ಗುರುರಾಜ್ ಹಪ್ಪಳವನ್ನು ಪುಡಿ ಮಾಡುತ್ತ ತಲೆ ತಗ್ಗಿಸಿದ್ದ. ಹಸಿರು ರೇಷ್ಮೆ ಸೀರೆಯ ಅನುಪಮಾ ಬಾಗಿಲ ಬಳಿ ನಿಂತು, ಅತ್ತಿಗೆ ಈಗ ಏನು ಹೇಳಿಬಿಡುತ್ತಾಳೋ ಎಂಬ ಭಯದಲ್ಲಿ ನೋಡುತ್ತಿದ್ದಳು. ದಾಕ್ಷಾಯಿಣಿ ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡಳು, ಅಗಿದಳು, ನುಂಗಿದಳು. ಚೆನ್ನಾಗಿದೆ ಎಂದಳು.

ಆ ನಾಲ್ಕು ಹೋಳಿನಲ್ಲಿ ಅವಳ ಅರ್ಧ ಆಯುಷ್ಯವಿತ್ತು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಹುಡುಗಿ ಅವಳು. ದಾವಣಗೆರೆಯಲ್ಲಿ ಓದಿ, ಮೈಸೂರಿನಲ್ಲಿ ಸಸ್ಯಗಳ ಜೀವರಸಾಯನಶಾಸ್ತ್ರ ಕಲಿತು, ಚಿತ್ರದುರ್ಗದ ಒಂದು ಸಣ್ಣ ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಅವಳು ಹಿಡಿದ ಪ್ರಶ್ನೆ ಒಂದೇ. ಗುಡ್ಡದ ಬಂಡೆಯ ಸಂದಿಯಲ್ಲಿ ಬೆಳೆದ ಮಾಕಳಿ ಬೇರು ಇಡೀ ಮನೆ ತುಂಬುವಂತೆ ಘಮಘಮಿಸುತ್ತದೆ. ಅದನ್ನೇ ತಂದು ಹೊಲದ ಮಣ್ಣಿಗೆ ಹಾಕಿದರೆ ಬೇರು ದಪ್ಪಗಾಗುತ್ತದೆ, ಘಮ ಹೋಗುತ್ತದೆ. ಯಾಕೆ? ಅಗೆದು ಅಗೆದು ಗುಡ್ಡಗಳೆಲ್ಲ ಬರಿದಾಗುತ್ತಿದ್ದವು. ಹೊಲದಲ್ಲೂ ಘಮ ಕಳೆದುಕೊಳ್ಳದ ಒಂದೇ ಒಂದು ಗಿಡ ಸಿಕ್ಕರೆ ಅದರಿಂದ ಸಾವಿರ ಗಿಡ ಮಾಡಬಹುದಿತ್ತು. ರಾಮಗಿರಿಯ ಗುಡ್ಡ, ಜೋಗಿಮಟ್ಟಿಯ ತಪ್ಪಲು ತಿರುಗಿ ಇನ್ನೂರು ಗಿಡ ತಂದು, ಮನೆಯ ಹಿಂದಿನ ಹತ್ತು ಗುಂಟೆಯಲ್ಲಿ ನೆಟ್ಟು, ಒಂದೊಂದಕ್ಕೂ ತಗಡಿನ ಬಿಲ್ಲೆಯಲ್ಲಿ ನಂಬರು ಕಟ್ಟಿ ಐದು ವರ್ಷ ಕಾದಿದ್ದಳು. ಐದು ವರ್ಷ ತುಂಬದೆ ಬೇರು ತನ್ನ ಗುಣ ತೋರಿಸುವುದಿಲ್ಲ. ಈ ಸಲ ಪ್ರತಿ ಗಿಡದಿಂದಲೂ ಬೆರಳುದ್ದದ ಪಕ್ಕದ ಬೇರು ಮಾತ್ರ ಕತ್ತರಿಸಿಕೊಂಡು ಮೈಸೂರಿಗೆ ಹೋಗಿ ಅರೆದು ಯಂತ್ರಕ್ಕಿಟ್ಟು ನೋಡಿದ್ದಳು. ನೂರ ತೊಂಬತ್ತೊಂಬತ್ತು ಗಿಡಗಳು ಸೋತಿದ್ದವು. ನಲವತ್ತೊಂದನೆಯ ಗಿಡ ಗೆದ್ದಿತ್ತು. ಅದನ್ನು ಹೇಳುವ ಹಾಳೆ ಅವಳ ಬ್ಯಾಗಿನಲ್ಲಿತ್ತು. ಮೊದಲ ಮಳೆ ಬೀಳುತ್ತಲೇ ಆ ಗಿಡದಿಂದ ಸಸಿ ಮಾಡುವುದೊಂದೇ ಬಾಕಿ.

ಕೈ ತೊಳೆದವಳೇ ಹಿತ್ತಲಿಗೆ ಹೋದಳು. ಅಲ್ಲಿ ಹೊಲವಿರಲಿಲ್ಲ. ಕೆಮ್ಮಣ್ಣು ಹರಡಿ ಸಮ ಮಾಡಿದ ನೆಲದ ಮೇಲೆ ಬೀಗರ ಕಡೆಯವರ ಕಾರುಗಳು ಸಾಲಾಗಿ ನಿಂತಿದ್ದವು. ಬೇಲಿಯ ಮೂಲೆಯಲ್ಲಿ ತಗಡಿನ ಬಿಲ್ಲೆಗಳನ್ನು ಗುಡ್ಡೆ ಹಾಕಿದ್ದರು. ಅದರ ಪಕ್ಕದಲ್ಲೇ, ಗುಡ್ಡದಿಂದ ಬೇರು ಅಗೆದು ತರುವ ಜುಂಜಣ್ಣ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದವನು ಅವಳನ್ನು ಕಂಡು ದಡಬಡಿಸಿ ಎದ್ದ.

"ತಾಯಿಬೇರು ಬಿಟ್ಟೇ ಅಗೀತೀನಿ ಅಂದೆ ಕಣವ್ವ. ನಮ್ಮಪ್ಪನ ಕಾಲದಿಂದ್ಲೂ ನಾವು ತಾಯಿಬೇರಿಗೆ ಗುದ್ದಲಿ ಹಾಕಿದೋರಲ್ಲ. ಪಕ್ಕದ ಬೇರು ತಗಂಡು, ಬುಡಕ್ಕೆ ಮಣ್ಣು ಮುಚ್ಚಿ, ಮ್ಯಾಲೊಂದು ಕಲ್ಲಿಟ್ಟು ಕೈ ಮುಗ್ದು ಬರೋರು. ಇಲ್ಲಿ ಕೇಳ್ಲಿಲ್ಲ. ಕಾರು ನಿಲ್ಸಬೇಕು, ಪೂರ್ತಿ ಕೀಳು ಅಂದ್ರು."

ಬುಡದ ಗಡ್ಡೆಗಳು ಎಲ್ಲಿವೆ, ಮೊಳಕೆಗಣ್ಣು ಇರುವ ಒಂದು ಚೂರು ಸಿಕ್ಕರೂ ಸಾಕು ಎಂದು ಅವಳು ಅವನ ಕೈ ಹಿಡಿದುಕೊಂಡಳು. ಜುಂಜಣ್ಣ ಮುಖ ತಿರುಗಿಸಿದ. ಅವನ್ನು ತಾನೇ ಕೇಳಿದನಂತೆ, ಗುಡ್ಡದಲ್ಲಿ ಹೂಳುತ್ತೇನೆಂದು. ಕಮಲಮ್ಮನವರು ಬಚ್ಚಲ ಒಲೆಗೆ ಹಾಕಿಸಿದರಂತೆ. ನಿಂತು ಕೀಳಿಸಿದವರು ಯಾರೆಂದು ಕೇಳಿದಾಗ ಅವನು ಬಾಯೊಳಗಿನ ಎಲೆ ಅಡಿಕೆ ಉಗಿದ.

"ಮೇಷ್ಟ್ರೇ ನಿಂತ್ಕಂಡಿದ್ರು ಕಣವ್ವ. ಇವತ್ತಿಗೆ ಒಂಬತ್ತು ದಿನ ಆತು."

ಮೇಷ್ಟ್ರು ಎಂದರೆ ಗುರುರಾಜ್. ಐದು ದಿನದ ಹಿಂದೆ ಅವಳು ಮೈಸೂರಿನಿಂದ ಫೋನ್ ಮಾಡಿ, ಬಿಸಿಲು ಜಾಸ್ತಿಯಾಗಿದೆ, ಗಿಡಕ್ಕೆ ನೀರು ಬಿಡಿಸಿದಿರಾ ಎಂದು ಕೇಳಿದ್ದಳು. ಬಿಡಿಸಿದ್ದೇನೆ, ಎಲ್ಲ ಹಸಿರಾಗಿವೆ ಎಂದಿದ್ದ ಅವನು. ನಲವತ್ತೊಂದು ಹೇಗಿದೆ ಎಂದು ಅವಳು ಬೇರೆಯಾಗಿ ಕೇಳಿದ್ದಳು. ಹೊಸ ಚಿಗುರು ಬಂದಿದೆ ಎಂದಿದ್ದ... ಅಷ್ಟು ಹೊತ್ತಿಗೆ ಅದರ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಉಳಿದ ಬೇರುಗಳ ಜೊತೆ ಒಂದೇ ಭರಣಿಗೆ ತುಂಬಿ, ಅದರ ಘಮ ಎಲ್ಲಕ್ಕೂ ಹತ್ತಿ ನಾಲ್ಕು ದಿನವಾಗಿತ್ತು. ಯಾರೂ ಕೇಳದಿದ್ದರೂ ಅವನು ಆ ಚಿಗುರನ್ನು ತಾನಾಗಿ ಸೇರಿಸಿದ್ದ.

ಬೀಗರು ಹೋದ ಮೇಲೆ ನಡುಮನೆಯಲ್ಲಿ ಅವಳು ಕೇಳಿದ್ದೂ ಅದೊಂದೇ, ಆ ಚಿಗುರಿನ ಮಾತು ಯಾಕೆ ಹೇಳಿದಿರಿ ಎಂದು. ಗುರುರಾಜ್ ಶರ್ಟಿನ ತೋಳು ಮಡಚುತ್ತ, ಇಳಿಸುತ್ತ, ಮತ್ತೆ ಮಡಚುತ್ತ ನಿಂತ. ಉತ್ತರ ಕೊಟ್ಟವರು ಕಮಲಮ್ಮ.

"ಅವ್ನನ್ನೇನು ಕೇಳ್ತಿ? ನನ್ನ ಕೇಳು. ನಮ್ ನೆಲದಾಗೆ ಬೆಳದಿದ್ದು ನಮ್ ಮನೆ ಮದುವೆಗೆ ಆಗಬಾರ್ದೇನು? ಗಿಡ ಇರಾದು ತಿನ್ನಾಕೆ. ಐದ್ ವರ್ಷ ಅದರ ಬುಡದಾಗೇ ಕುಂತಿದ್ದಿ, ಒಂದ್ ದಿನ ನನ್ ಪಕ್ಕ ಕುಂತು ಒಂದ್ ಹೋಳು ಹೆಚ್ಚಿಕೊಟ್ಟಿಯೇನು? ಈಗ ನಿಂಗೂ ಗೊತ್ತಾತಲ್ಲ, ಕೈಯಾಗಿನದು ಕಿತ್ಕಂಡ್ರೆ ಹೆಂಗಾಗ್ತೈತಿ ಅಂತ. ಯುಗಾದಿ ದಿನ ನಂಗೂ ಹಂಗೇ ಆಗಿತ್ತು."

ದಾಕ್ಷಾಯಿಣಿ ಅಳಲಿಲ್ಲ. ಅನುಪಮಾಳ ಮದುವೆ ಮುಗಿಯುವವರೆಗೆ ಬಾಯಿ ಬಿಡದೆ ಇದ್ದು, ಆಮೇಲೆ ಚಿತ್ರದುರ್ಗದಲ್ಲಿ ಒಂದು ಕೋಣೆ ಮಾಡಿಕೊಂಡಳು. ಸಂಶೋಧನಾ ಕೇಂದ್ರದ ಮುಖ್ಯಸ್ಥರು ಒಳ್ಳೆಯವರು. ಹಾಳೆಯಲ್ಲಿ ಫಲಿತಾಂಶವಿದೆ, ಗಿಡ ಇದೆಯೆಂದೇ ಬರೆಯಿರಿ, ಒಂದು ವರ್ಷ ಯಾರೂ ನೋಡಲು ಬರುವುದಿಲ್ಲ, ಅಷ್ಟರಲ್ಲಿ ಗುಡ್ಡದಲ್ಲಿ ಇನ್ನೊಂದು ಸಿಕ್ಕೀತು ಎಂದರು. ಅವಳು ವರದಿಯ ಕೊನೆಯ ಪುಟದಲ್ಲಿ 'ಸಸ್ಯ ಉಳಿದಿಲ್ಲ' ಎಂದು ಬರೆದು ಸಹಿ ಹಾಕಿದಳು. ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಅಂಕಿಯನ್ನೂ ಬರೆದವಳಲ್ಲ. ಯೋಜನೆ ಅಲ್ಲಿಗೆ ಮುಚ್ಚಿತು, ಅದರೊಂದಿಗೆ ಅವಳ ಕೆಲಸವೂ ಹೋಯಿತು. ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡತೊಡಗಿದಳು.

ಮರುವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಭಾನುವಾರ ಕಮಲಮ್ಮ ಆ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕರೆದರೂ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತರು. ಮಾತು ತಡೆತಡೆದು ಬಂತು. ಮದುವೆಯ ಮೊದಲ ವರ್ಷದ ಉಪ್ಪಿನಕಾಯಿ ತವರಿನಿಂದಲೇ ಬರಬೇಕೆಂದು ಬೀಗಿತ್ತಿ ಹೇಳಿ ಕಳಿಸಿದ್ದರು, ಅದೇ ಮಾಕಳಿ, ಅದೇ ಘಮ. ಕಮಲಮ್ಮ ಸಂತೆಯ ಬೇರು ತಂದು ದೊಡ್ಡ ಭರಣಿ ತುಂಬಿ ಕಳಿಸಿದರು. ಬೀಗಿತ್ತಿ ಮುಚ್ಚಳ ತೆಗೆದು ಮೂಸಿ ನೋಡಿ, ಹೆಣ್ಣು ದಾಟಿಸುವ ತನಕ ಒಂದು ರುಚಿ, ದಾಟಿಸಿದ ಮೇಲೆ ಇನ್ನೊಂದು ಎಂದರಂತೆ. ಅಂದಿನಿಂದ ಆ ಭರಣಿಯನ್ನು ಸೊಸೆಗೇ ಮೀಸಲಿಟ್ಟರು. ಎಲ್ಲರಿಗೂ ಸಾರು, ಪಲ್ಯ, ಮಜ್ಜಿಗೆ. ಅನುಪಮಾಳ ತಟ್ಟೆಗೆ ಮಾತ್ರ ಬರೀ ಅನ್ನ, ಆ ಉಪ್ಪಿನಕಾಯಿ. ನಿಮ್ಮವ್ವ ಕಳಿಸಿದ್ದು, ನೀನೇ ಖಾಲಿ ಮಾಡು... ಇಪ್ಪತ್ತೆರಡು ದಿನದಿಂದ ಹೀಗೇ ನಡೆದಿತ್ತು. ಅವಳಿಗೆ ಈಗ ನಾಲ್ಕು ತಿಂಗಳು. ತಿಂದದ್ದು ನಿಲ್ಲುತ್ತಿರಲಿಲ್ಲ.

"ನಿನ್ ಲ್ಯಾಬಿನಾಗೆ ಏನಾರ ಐತಾ? ಒಂದು ಸಣ್ಣ ಸೀಸೆ. ಇನ್ನೊಂದು ಭರಣಿ ಹಾಕಿ ತರ್ತೀನಿ, ನೀನು ನಾಕ್ ತೊಟ್ಟು ಬಿಟ್ಕೊಡು. ಘಮ ಬಂದ್ರೆ ಸಾಕು."

ಅಂಥ ಸೀಸೆ ಬಜಾರಿನಲ್ಲೂ ಸಿಗುತ್ತದೆ, ಆದರೆ ಮುಂದಿನ ವರ್ಷವೂ ಬೇಕಾಗುತ್ತದೆ, ಅದರ ಮುಂದಿನ ವರ್ಷವೂ ಬೇಕಾಗುತ್ತದೆ ಎಂದು ದಾಕ್ಷಾಯಿಣಿ ಮೆಲ್ಲಗೆ ವಿವರಿಸಿದಳು. ಒಂದೇ ದಾರಿ ಇದೆ. ಆ ಬೇರು ಸೊಸೆಯದು, ಅವಳಿಲ್ಲದಾಗ ಕಿತ್ತು ತಂದೆವು, ಅಂಥದ್ದು ಇನ್ನು ಈ ಭೂಮಿಯ ಮೇಲೇ ಇಲ್ಲ ಎಂದು ಹೋಗಿ ಹೇಳಿಬಿಡಿ ಎಂದಳು.

ಕಮಲಮ್ಮ ಎದ್ದು ಸೀರೆ ಕೊಡವಿಕೊಂಡರು.

"ಬೀಗರ ಮುಂದೆ ಕಳ್ಳಿ ಅನ್ನಿಸ್ಕಳ್ಳಾ ಅಂತೀಯಾ? ನನ್ ಮಗಳು ಉಪವಾಸ ಸತ್ರೂ ಆ ಮಾತು ನನ್ ಬಾಯಾಗೆ ಬರಲ್ಲ."

ಬಸ್‌ಸ್ಟ್ಯಾಂಡಿನ ಕಡೆಗೆ ಹೋದ ಆ ಬೆನ್ನನ್ನು ದಾಕ್ಷಾಯಿಣಿ ಕಿಟಕಿಯಿಂದ ನೋಡಿದಳು. ಆ ಹೆಂಗಸು ತಾನಾಡಿದ ಮಾತಿನಂತೆಯೇ ನಡೆಯುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಎರಡನೆಯ ದಿನ ಅವಳು ಕಾಲೇಜಿಗೆ ರಜೆ ಹಾಕಿ ಹೊಸದುರ್ಗದ ಬಸ್ಸು ಹತ್ತಿದಳು.

ಬೀಗಿತ್ತಿ ಜಗಲಿಯ ಮೇಲೆ ಕೂತು ಮೊರದಲ್ಲಿ ಒಣ ಅವರೆಕಾಳು ಕೇರುತ್ತಿದ್ದರು. ಬರ್ರಿ ಎಂದರು, ನೀರು ಕೊಡಿಸಿದರು. ನೀರು ತಂದ ಅನುಪಮಾಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು; ತುಟಿಯ ಎರಡೂ ಮೂಲೆ ಉಪ್ಪಿಗೆ ಬಿರಿದಿದ್ದವು. ದಾಕ್ಷಾಯಿಣಿ ಅದನ್ನು ನೋಡಿದ ಮೇಲೆ ತಡಮಾಡಲಿಲ್ಲ.

"ಅಮ್ಮಾ, ನಿಶ್ಚಿತಾರ್ಥದ ದಿನ ನೀವು ತಿಂದ್ರಲ್ಲ, ಅದು ಬೇರಿನ ಘಮ ಅಲ್ಲ. ನಾನು ಮೈಸೂರಿನಿಂದ ಸೀಸೆಯಲ್ಲಿ ತಂದಿದ್ದೆ. ಬಂದವಳೇ ಅಡುಗೆಮನೆಗೆ ಹೋಗಿ ಯಾರಿಗೂ ಕಾಣದಂಗೆ ಭರಣಿಗೆ ಸುರಿದೆ. ಅತ್ತೆಗೂ ಗೊತ್ತಿಲ್ಲ. ಅನುಗಂತೂ ಏನೂ ಗೊತ್ತಿಲ್ಲ. ಅಂಥ ಬೇರು ಎಲ್ಲೂ ಇಲ್ಲ."

ಮೊರ ಹಿಡಿದ ಕೈ ನಿಂತಿತು. ಬಾಗಿಲಲ್ಲಿದ್ದ ಅನುಪಮಾ ಬಾಯಿ ತೆರೆದಳು. ಗಿಡ ಕಿತ್ತ ದಿನ ಬೇರಿನ ಸಿಪ್ಪೆ ಹೆರೆದವರಲ್ಲಿ ಅವಳೂ ಒಬ್ಬಳು. ಅತ್ತಿಗೆ ಬರುವ ಮೊದಲೇ ಮನೆಯೆಲ್ಲ ಹೇಗೆ ಘಮಘಮಿಸಿತ್ತೆಂದು ಬಲ್ಲವಳು. ದಾಕ್ಷಾಯಿಣಿ ಅವಳನ್ನೇ ನೋಡಿ, ಕಂಡೂ ಕಾಣದಂತೆ ತಲೆ ಅಲ್ಲಾಡಿಸಿದಳು.

ಬೀಗಿತ್ತಿಗೆ ಅವತ್ತೇ ಅನುಮಾನವಿತ್ತಂತೆ. ನೆಲದಿಂದ ಬಂದದ್ದಕ್ಕೆ ಅಷ್ಟು ವಾಸನೆ ಎಲ್ಲಿಂದ ಬರಬೇಕು, ಬಾಯಲ್ಲಿ ಔಷಧಿ ನಿಂತಂತಿತ್ತು, ಎರಡು ದಿನ ತಮ್ಮ ಹೊಟ್ಟೆ ಸರಿ ಇರಲಿಲ್ಲ ಎಂದು ಒಂದೊಂದಾಗಿ ನೆನಪಿಸಿಕೊಂಡರು.

"ಅಲ್ರೀ, ಓದಿದೋಳು ನೀವು. ಅಷ್ಟು ಜನದ ಎಲೆಗೆ ವಿಷ ಹಾಕ್ದಂಗೆ ಹಾಕಿದ್ರಲ್ಲ, ಕೈ ನಡುಗಲಿಲ್ವಾ? ಗಂಡ ಬಿಟ್ಟಿರಾದು ಯಾಕೆ ಅಂತ ಈಗ ಗೊತ್ತಾತು."

ಅವಳು ತಲೆ ತಗ್ಗಿಸಿ ಕೂತಳು. ಮಾತು ಇನ್ನೂ ಬಹಳ ಹೊತ್ತು ನಡೆಯಿತು; ಅವಳ ಓದು, ಅವಳ ಮನೆತನ, ಮಕ್ಕಳಿಲ್ಲದ ಅವಳ ಮಡಿಲು ಎಲ್ಲವೂ ಬಂದು ಹೋದವು. ಬೈಗುಳ ಮುಗಿದ ಮೇಲೆ ಬೀಗಿತ್ತಿ ಆಳನ್ನು ಕೂಗಿ ಆ ಭರಣಿಯನ್ನು ತಿಪ್ಪೆಗೆ ಸುರಿದು ಬಾ ಎಂದರು. ಆಮೇಲೆ ಒಳಗೆ ತಿರುಗಿ, ಹಸಿದಿರ್ತೀಯ, ಹೋಗಿ ಸಾರು ಹಾಕ್ಕೊಂಡು ಉಣ್ಣು ಹೋಗೆ, ನಿಂದೇನು ತಪ್ಪೈತೆ ಎಂದರು. ಅನುಪಮಾ ಅಡುಗೆಮನೆಯ ನೆಲದಲ್ಲಿ ಕೂತು, ಕಲಸಲೂ ತಾಳ್ಮೆಯಿಲ್ಲದೆ, ಕಣ್ಣೀರು ತಟ್ಟೆಗೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ ಉಂಡಳು. ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವವರೆಗೂ ನೋಡಿ ದಾಕ್ಷಾಯಿಣಿ ಎದ್ದಳು. ಅವಳಿಗೆ ಊಟ ಮಾಡಿ ಎಂದು ಯಾರೂ ಹೇಳಲಿಲ್ಲ.

ಬಸ್ಸು ಹೊಳಲ್ಕೆರೆ ದಾಟುವಷ್ಟರಲ್ಲಿ ಗುರುರಾಜನ ಫೋನ್ ಬಂತು. ಬೀಗಿತ್ತಿಯಿಂದ ಸುದ್ದಿ ಆಗಲೇ ಮನೆ ಮುಟ್ಟಿತ್ತು. ಅವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಾಳೆ, ಅತ್ತೆ ಕಾಲದಿಂದ ಬಂದ ತನ್ನ ಕೈಗೆ ಸೊಸೆ ಮಸಿ ಬಳಿದಳೆಂದು ಬೀದಿಯವರನ್ನೆಲ್ಲ ಸೇರಿಸಿಕೊಂಡಿದ್ದಾಳೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ವರ್ಷದಿಂದ ಅವಳು ಕೇಳಿರದ ಹಗುರ ಅದರಲ್ಲಿತ್ತು.

"ನೀನು ಅವತ್ತು ಬಂದ ತಕ್ಷಣ ಅಡುಗೆಮನೆಗೆ ಹೋಗಿದ್ದು ನಂಗೂ ನೆನಪೈತೆ. ಅಂದ್ರೆ... ಆ ಗಿಡದಾಗೆ ಅಂಥಾದ್ದೇನೂ ಇರ್ಲಿಲ್ಲ, ಅಲ್ವಾ ದಾಕ್ಷಾಯಿಣಿ?"

ಅವನೇ ನಿಂತು ಕೀಳಿಸಿದ್ದ. ಅವನ ಉಸಿರು ಉತ್ತರಕ್ಕಾಗಿ ಕಾಯುತ್ತಿರುವುದು ಫೋನಿನಲ್ಲೇ ಕೇಳುತ್ತಿತ್ತು. ಇಲ್ಲವೆಂದು ಅವಳು ಹೇಳಿದರೆ ಈ ಮನುಷ್ಯ ಇವತ್ತು ನೆಮ್ಮದಿಯಾಗಿ ಮಲಗುತ್ತಾನೆ. ಇತ್ತು ಎಂದರೆ ಆ ಮಾತು ಸಂಜೆಯೊಳಗೆ ಹೊಸದುರ್ಗಕ್ಕೆ ಹೋಗುತ್ತದೆ.

"ಇರಲಿಲ್ಲ," ಎಂದಳು ದಾಕ್ಷಾಯಿಣಿ.

"ಹಂಗಾದ್ರೆ ಬಿಡು," ಎಂದು ಅವನು ನಿಟ್ಟುಸಿರು ಬಿಟ್ಟ. ಮುಂದಿನ ವಾರ ಬರುತ್ತೇನೆ, ಏನಾದರೂ ಬೇಕಿತ್ತಾ ಎಂದೂ ಕೇಳಿದ. ಏನೂ ಬೇಡ ಎಂದು ಅವಳು ಫೋನ್ ಇಟ್ಟು, ಚಿತ್ರದುರ್ಗ ಬರುವವರೆಗೂ ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.