ಹೊಳೆಯಾಚೆಯ ದನಿ

ರೈಲು ತುಂಗಭದ್ರೆಯ ಸೇತುವೆಯ ನಡುವೆ ಬಂದಾಗ ಹುಲಗಪ್ಪನ ಕಿವಿಯ ಹಿಂದೆ ಅಂಟಿಸಿದ್ದ ಗುಂಡಿ ಸಣ್ಣಗೆ ಗಂಟೆ ಬಾರಿಸಿತು. ಅಲ್ಲಿಯವರೆಗೆ ಮಾತಾಡುತ್ತಿದ್ದ ಮನೋಚಿಕಿತ್ಸಕಿ ತಬಸ್ಸುಮಳ ದನಿ ನಿಂತಿತು. ಮರುಕ್ಷಣ ಅದೇ ದನಿ ಅದೇ ನಿಧಾನದಲ್ಲಿ ಮುಂದುವರಿಯಿತು. ಆದರೆ ಈಗ ಮಾತಾಡುತ್ತಿದ್ದುದು ತಬಸ್ಸುಮ್ ಅಲ್ಲ. ರಾಯಚೂರಿನ ಕೋಣೆಯಲ್ಲಿ ಅವಳ ಮುಂದಿನ ಪರದೆ ಕಪ್ಪಾಗಿ, ಹುಲಗಪ್ಪನ ನಾಡಿಯ ಹಸಿರು ಗೆರೆಯೊಂದೇ ಓಡುತ್ತಿತ್ತು.

ಈ ಗುಂಡಿಗೆ ಆಪ್ತಕಿವಿ ಎಂದು ಹೆಸರು. ಗುರುಪಾದ ಎಂಬ ವಿಜ್ಞಾನಿ ಮಾಡಿದ್ದು. ದೂರದ ಚಿಕಿತ್ಸಕರ ದನಿಯನ್ನು ಪಕ್ಕದಲ್ಲೇ ಕೂತಂತೆ ಕೇಳಿಸುವುದು, ಕೇಳುವವರ ನಾಡಿಮಿಡಿತವನ್ನು ಅವರಿಗೆ ತಿಳಿಸುವುದು ಅದರ ಕೆಲಸ. ತೊಡಕು ಒಂದೇ. ಚಿಕಿತ್ಸೆಯ ಪರವಾನಗಿ ಕೊಡುವುದು ಆಯಾ ರಾಜ್ಯ. ತಬಸ್ಸುಮಳದು ರಾಜ್ಯದ ಗಡಿಯಾದ ನಡುಹೊಳೆಗೆ ಮುಗಿಯುತ್ತಿತ್ತು. ರೋಗಿಯನ್ನು ಅರ್ಧ ಮಾತಿನಲ್ಲಿ ಕೈಬಿಡಬಾರದೆಂದು ಗುರುಪಾದ ಒಂದು ಉಪಾಯ ಹೂಡಿದ್ದ. ಅವಳ ವರ್ಷಗಳ ಮಾತುಕತೆಯಿಂದ ಕಲಿತ ನೆರಳುದನಿಯೊಂದು ಗಡಿಯಾಚೆ ಅವಳ ಜಾಗದಲ್ಲಿ ಕೂರುತ್ತಿತ್ತು. ಅದು ಮನುಷ್ಯನಲ್ಲವಲ್ಲ, ಅದಕ್ಕೆ ಪರವಾನಗಿ ಬೇಕೆನ್ನುವ ಕಾನೂನೇ ಇರಲಿಲ್ಲ. ಅಲ್ಲಿ ಆಡಿದ ಮಾತನ್ನು ತಬಸ್ಸುಮ್ ಮಾತ್ರ ಕೇಳುವಂತಿರಲಿಲ್ಲ. ಕೇಳಿದರೆ ಅವಳದು ಪರವಾನಗಿಯಿಲ್ಲದ ಚಿಕಿತ್ಸೆ.

ಹುಲಗಪ್ಪ ಗೂಡ್ಸ್ ರೈಲಿನ ಚಾಲಕನಾಗಿದ್ದವನು. ಹಳಿಯ ಮೇಲೆ ನಿಂತ ಹುಡುಗಿಯೊಬ್ಬಳು ಅವನ ಇಂಜಿನ್ನಿಗೆ ಸಿಕ್ಕಿ ಸತ್ತ ಮೇಲೆ ಅವನನ್ನು ಹೊಳೆಯಾಚೆ ಆದೋನಿಯ ಯಾರ್ಡಿನ ಕೆಲಸಕ್ಕೆ ಹಾಕಿದ್ದರು. ಮನೆ ರಾಯಚೂರಿನಲ್ಲಿ, ದಿನವೂ ಹೊಳೆ ದಾಟುವ ಬದುಕು. ಆ ಹುಡುಗಿಯ ವಿಷಯ ಬಂದರೆ ತಬಸ್ಸುಮಳ ಮುಂದೆ ಅವನ ಬಾಯಿ ಕಟ್ಟುತ್ತಿತ್ತು.

“ಹೊಳಿ ಈಚಿಗೆ ನೀವು ಬಾಳ ಬಿಗಿ ಅದೀರಿ ಅಕ್ಕಾರ,” ಎಂದು ಒಮ್ಮೆ ನಕ್ಕಿದ್ದ. “ಟೈಮ್ ಆತಂದ್ರ ಎದ್ದೇಳ್ತೀರಿ. ಆಚಿ ಕಡಿಯಾಕಿಗೆ ಮನಿ ಇಲ್ಲ, ಮಕ್ಕಳಿಲ್ಲ. ಕುಂತs ಬಿಡ್ತಾಳ.”

ಆ ವರ್ಷ ಹೊಳೆಯ ಎರಡೂ ಕಡೆಯ ರಾಜ್ಯಗಳು ಒಪ್ಪಂದಕ್ಕೆ ಬಂದವು. ಒಂದರ ಪರವಾನಗಿ ಇನ್ನೊಂದರಲ್ಲೂ ನಡೆಯುವಂತಾಯಿತು. ಇದಕ್ಕಾಗಿ ಕಚೇರಿ ಕಚೇರಿ ಅಲೆದಿದ್ದ ತಬಸ್ಸುಮ್ ಅಂದು ಎಲ್ಲರಿಗೂ ಪೇಡೆ ಹಂಚಿದಳು. ಮರುದಿನ ಹುಲಗಪ್ಪ ತುಂಗಭದ್ರೆ ದಾಟಿದಾಗ ಗುಂಡಿ ಗಂಟೆ ಬಾರಿಸಲಿಲ್ಲ.

“ಅಣ್ಣಾ, ಇನ್ಮ್ಯಾಗ ಇಲ್ಲೂ ನಾನೇ.”

ಅವನು ಗುಂಡಿಯನ್ನು ಬೆರಳಿಂದ ಒತ್ತಿ ನೋಡಿದ. “ಆಕಿ ಎಲ್ಲಿ?”

“ಯಾರು?”

“ಆಚಿಗಿದ್ದಾಕಿ. ಎಲ್ಲಾ ಆಕಿ ಮುಂದ ಹೇಳೀನ್ರಿ. ಮತ್ತ ಮೊದ್ಲಿಂದ ನಿಮಗ ಹೇಳಂದ್ರ ನನ್ನ ಕೈಲಿ ಆಗಂಗಿಲ್ಲ.”

ಮರುದಿನದಿಂದ ಅವನು ಗುಂಡಿ ಹಾಕುವುದನ್ನೇ ಬಿಟ್ಟ. ಯಂತ್ರವನ್ನು ಕಳೆದುಕೊಂಡು ಯಾರಾದರೂ ಸೂತಕ ಹಿಡಿಯುತ್ತಾರೆಯೇ ಎಂದುಕೊಂಡಳು ತಬಸ್ಸುಮ್. ಹಿಡಿಯುತ್ತಾರೆ. ಒಂದು ಸಂಜೆ ಅವಳ ಪರದೆಯಲ್ಲಿ ಹಸಿರು ಗೆರೆ ಮತ್ತೆ ಹೊತ್ತಿಕೊಂಡು ಹುಚ್ಚೆದ್ದು ಕುಣಿಯತೊಡಗಿತು. ಹಿಂದೆ ಗಾಳಿಯ ಭೋರು. ಅವನು ರೈಲಿನ ಬಾಗಿಲಲ್ಲಿ ನಿಂತಿದ್ದ.

“ಎಲ್ಲಿಗಿ ಹೊಂಟೀರಿ ಅಣ್ಣಾ?”

“ವಾಡಿಗಿ ಹೋಗೋ ಗಾಡ್ಯಾಗ ಅದೀನ್ರಿ. ಕೃಷ್ಣಾ ಹೊಳಿ ದಾಟಿದ್ರ ಅದು ಬ್ಯಾರೆ ರಾಜ್ಯ. ಅಲ್ಲಿ ನಿಮ್ಮ ಪರವಾನಗಿ ನಡ್ಯಂಗಿಲ್ಲ. ಆಕಿ ಸಿಗ್ತಾಳ.” ಸ್ವಲ್ಪ ತಡೆದು ಹೇಳಿದ: “ಸಿಗಲಿಲ್ಲಂದ್ರ ಆ ಹುಡುಗಿ ಅದಾಳಲ್ಲ. ಹಳಿ ಮ್ಯಾಲಿಂದ ಕರ್ಯಾಕತ್ತಾಳ.”

ತಬಸ್ಸುಮ್ ಇನ್ನೊಂದು ಫೋನಿನಲ್ಲಿ ಗುರುಪಾದನನ್ನು ಹಿಡಿದಳು. “ಗಡಿ ತೆಗೀರಿ. ನನ್ನ ದನಿ ಆಚೆ ಹೋಗಲಿ.”

“ತೆಗ್ಯಾಕ ಬರಂಗಿಲ್ಲ ಮೇಡಂ. ಕಾನೂನಿನ ಬೀಗ ಅದು, ಯಂತ್ರದೊಳಗೇ ಕುಂತೈತಿ. ನೆರಳುದನಿ ಬೇಕಾದ್ರ ಬಂದ್ ಮಾಡ್ತೀನಿ. ಮಾಡ್ಲೇನು? ಅದು ಆತಗ ಏನು ಹೇಳ್ತೈತೋ ನನಗೂ ಗೊತ್ತಿಲ್ಲ.”

ಬಂದ್ ಮಾಡಿದರೆ ಸೇತುವೆಯ ಮೇಲೆ ಅವನು ಒಬ್ಬನೇ. ಮಾಡದಿದ್ದರೆ ಅವನ ಜೊತೆಗೆ, ಅವಳಿಗೇ ಗೊತ್ತಿಲ್ಲದ ಅವಳು.

“ಬ್ಯಾಡ, ಇರಲಿ,” ಎಂದಳು. ಆಮೇಲೆ ಹುಲಗಪ್ಪನಿಗೆ: “ಒಳಗ ಬಂದು ಕುಂದರ್ರಿ ಅಣ್ಣಾ. ಆಕಿ ಬರ್ತಾಳ.”

ಗಂಟೆ ಬಾರಿಸಿತು. ಪರದೆ ಕಪ್ಪಾಯಿತು. ಹಸಿರು ಗೆರೆ ಗರಗಸದ ಹಲ್ಲಿನಂತೆ ಎದ್ದೆದ್ದು ಬಿದ್ದಿತು. ಸೇತುವೆ ಇಷ್ಟು ಉದ್ದವಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಆಮೇಲೆ, ಅಳುವ ಮಗುವಿನ ಬೆನ್ನ ಮೇಲೆ ಯಾರೋ ಕೈಯಿಟ್ಟ ಹಾಗೆ, ಗೆರೆ ಮೆಲ್ಲಗೆ ತಗ್ಗಿತು.

ಹುಲಗಪ್ಪ ಮುಂದಿನ ನಿಲ್ದಾಣದಿಂದ ಮಾಮೂಲಿ ಫೋನಿನಲ್ಲಿ ಮಾತಾಡಿದ. “ಇಳಿದೀನ್ರಿ. ಚಾ ಕುಡ್ಯಾಕತ್ತೀನಿ.”

“ಆಕಿ ಏನು ಹೇಳಿದ್ಳು?” ಕೇಳಬಾರದಿತ್ತು, ಕೇಳಿದಳು.

“ನಿಮ್ಮ ಅಮ್ಮಿ ಸುದ್ದಿ. ಅವ್ರೂ ಹಂಗs ಹಳಿಗೆ ಬಿದ್ದು ಹೋದ್ರಂತಲ್ಲ. ಆ ಇಂಜಿನ್ನಿನವನ ಮ್ಯಾಲ ನಿಮಗ ಯಾವತ್ತೂ ಸಿಟ್ಟು ಬಂದಿಲ್ಲಂತ. ಇದೊಂದು ಮಾತು ನೀವs ಯಾಕ ಹೇಳಲಿಲ್ರಿ ಅಕ್ಕಾರ?”

ತಬಸ್ಸುಮ್ ಮತ್ತೆ ಗುರುಪಾದನಿಗೆ ಫೋನು ಮಾಡಿದಳು. ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

“ಅದು ನಿಮ್ಮ ಮಾತಷ್ಟೇ ಕಲಿತಿಲ್ಲ ಮೇಡಂ,” ಎಂದ ಗುರುಪಾದ, ತಾನೂ ಅಂಜಿದವನಂತೆ. “ಎಲ್ಲೆಲ್ಲಿ ಸುಮ್ಮನಾಗ್ತೀರಿ ಅನ್ನೋದನ್ನೂ ಕಲಿತೈತಿ.”

ಹಿಂದೆ, ಈ ಶತಮಾನದ ಮೊದಲ ದಶಕಗಳಲ್ಲೇ, ಜನ ಮನೆಯವರಿಗೆ ಹೇಳದ್ದನ್ನು ಅಂಗೈಯ ಪರದೆಗೆ ಹೇಳತೊಡಗಿದ್ದರು. ಮನುಷ್ಯರು ಮನುಷ್ಯರಿಗೆ ಸಾಂತ್ವನ ಹೇಳಲು ಗಡಿಗಳಲ್ಲಿ ಚೌಕಿಗಳಿದ್ದವು. ಪರದೆಯಾಚೆ ಕೂತು ಕೇಳುತ್ತಿರುವುದು ಏನೆಂದು ವಿಚಾರಿಸುವ ಚೌಕಿ ಆಗಲೂ ಇರಲಿಲ್ಲ.

ಕೃಷ್ಣೆಯಾಚೆಯ ರಾಜ್ಯವೂ ಒಪ್ಪಂದಕ್ಕೆ ಬರುವ ಸುದ್ದಿ ಹಬ್ಬಿತು. ಅದಕ್ಕೆ ಮೊದಲೇ ಒಂದು ಮಧ್ಯಾಹ್ನ ತಬಸ್ಸುಮ್ ಗುಂಡಿ ಹಾಕಿಕೊಂಡು ವಾಡಿಯ ಗಾಡಿ ಹತ್ತಿದಳು. ಕಿಟಕಿಯಲ್ಲಿ ಕೃಷ್ಣೆಯ ನೀರು ಕಂಡಿತು, ಗುಂಡಿ ಗಂಟೆ ಬಾರಿಸಿತು.

“ಹೇಳವಾ,” ಎಂದಿತು ಅವಳದೇ ದನಿ, ಕಿವಿಯ ಪಕ್ಕದಲ್ಲೇ. “ನನಗೇನೂ ಅವಸರ ಇಲ್ಲ.”

ತಬಸ್ಸುಮ್ ಅತ್ತಿತ್ತ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೇಳತೊಡಗಿದಳು.