ಕೆಂಪು ಚುಕ್ಕೆಯ ಮನೆಗಳು

ಮುದುಕಿ ಲುವೆಲ್ಲಾಳ ಕನ್ನಡಕದ ಗಾಜಿನ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಹೊತ್ತಿಕೊಂಡಿತು. ಎದುರಿನ ಮರದ ಮನೆಯ ಯಜಮಾನ ಡ್ವೇನ್ ಹಿಕ್ಸ್. ಬಿಳಿಯ, ಇವ್ಯಾಂಜೆಲಿಕಲ್ ಕ್ರೈಸ್ತ, ವಯಸ್ಸು ಅರವತ್ತೊಂದು, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆಸ್ಪತ್ರೆಯ ತೆರಿಗೆಗೆ ‘ಬೇಡ’ ಎಂದು ಮತ ಹಾಕುವ ಸಂಭವ ನೂರಕ್ಕೆ ತೊಂಬತ್ತೇಳು. ಬಾಗಿಲು ತಟ್ಟುವ ಮೊದಲೇ ಇಷ್ಟೆಲ್ಲ ಜಾತಕ!

ಇದು ಡಾಕ್ಟರ್ ಶಾಲ್ಮಲಿ ಹಾವನೂರ ಕಂಡುಹಿಡಿದ ಒಲವುಮಾಪಕ. ಧರ್ಮ, ಜನಾಂಗ, ವಯಸ್ಸು, ಓದು, ವಾಸದ ಬೀದಿ ಇವನ್ನೆಲ್ಲ ಅರೆದು ಕುಡಿದು, ಮನುಷ್ಯನ ಮತ ಯಾವ ಕಡೆಗೆಂದು ಹೇಳುತ್ತಿತ್ತು. 2058ರ ಅಮೆರಿಕದಲ್ಲಿ ಅದಿಲ್ಲದೆ ಚುನಾವಣೆಯೇ ನಡೆಯುತ್ತಿರಲಿಲ್ಲ. ಹಸಿರು ಚುಕ್ಕೆ ಬಂದರೆ ಹೋಗಿ ಮಾತಾಡಬೇಕು, ಕೆಂಪು ಬಂದರೆ ಸುಮ್ಮನೆ ಮುಂದೆ ಸಾಗಬೇಕು.

ಜಾರ್ಜಿಯಾ ರಾಜ್ಯದ ಕೊರ್ಲಿ ಕೌಂಟಿ ಎಂಬ ಪುಟ್ಟ ಜಿಲ್ಲೆಯಲ್ಲಿ ಇದ್ದದ್ದು ಒಂದೇ ಆಸ್ಪತ್ರೆ. ಸಣ್ಣದೊಂದು ತೆರಿಗೆಗೆ ಜನ ಒಪ್ಪಿ ಮತ ಹಾಕದಿದ್ದರೆ ಅದರ ಹೆರಿಗೆ ವಿಭಾಗಕ್ಕೆ ಬೀಗ. ಅಲ್ಲೇ ಮೂವತ್ತೆಂಟು ವರ್ಷ ದುಡಿದ ಕಪ್ಪು ಜನಾಂಗದ ನರ್ಸ್ ಲುವೆಲ್ಲಾ ಟೇಟ್, ನಿವೃತ್ತ ನರ್ಸುಗಳ ತಂಡ ಕಟ್ಟಿಕೊಂಡು ಪ್ರಚಾರಕ್ಕೆ ಇಳಿದಿದ್ದಳು. ಅವಳ ಮೊಮ್ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆ. ಮುಂದಿನ ಆಸ್ಪತ್ರೆ ಎಪ್ಪತ್ತು ಮೈಲಿ ದೂರ.

“ಬಣ್ಣ ನೋಡ್ಕೊಂಡು ಹೋಗಿ, ಸಾಕು,” ಎಂದು ಶಾಲ್ಮಲಿ ಕನ್ನಡಕಗಳನ್ನು ಅವಳ ಕೈಗಿತ್ತು ವಿಮಾನಕ್ಕೆ ಓಡಿದಳು. ಕೆಂಪೆಂದರೆ ನಿಲ್ಲು ಎಂಬುದನ್ನೂ ಬಿಡಿಸಿ ಹೇಳಬೇಕೆ?

ಹೇಳಬೇಕಿತ್ತು. ಮತದಾನದ ಹಿಂದಿನ ದಿನ ಮರಳಿ ಬಂದ ಶಾಲ್ಮಲಿ ತಂಡದ ಪಟ್ಟಿ ತೆರೆದು ನೋಡಿದಳು. ಮೂರು ವಾರ ಈ ಹೆಂಗಸರು ಹೋಗಿದ್ದು ಬರೀ ಕೆಂಪು ಮನೆಗಳಿಗೆ!

“ಅಯ್ಯೋ, ಏನ್ ಮಾಡಿಬಿಟ್ರಿ ಮಿಸ್ ಲುವೆಲ್ಲಾ! ಕೆಂಪು ಅಂದ್ರೆ ಹೋಗಬೇಡಿ ಅಂತ!”

“ಅದು ಹೇಗಮ್ಮಾ?” ಲುವೆಲ್ಲಾ ಕಣ್ಣರಳಿಸಿದಳು. “ಬಸ್ಸು ಉರುಳಿ ಐವತ್ತು ಜನ ಒಟ್ಟಿಗೆ ಬಂದ್ರೆ ಒಬ್ಬೊಬ್ರ ಕೈಗೂ ಚೀಟಿ ಕಟ್ತೀವಿ. ಪ್ರಾಣಾಪಾಯದಲ್ಲಿರೋ ಕೆಂಪು ಚೀಟಿಯವರನ್ನೇ ಮೊದಲು ನೋಡೋದು. ಹಸಿರಿನವರು ಕಾಯ್ತಾರೆ ಬಿಡು. ಜೀವನವೆಲ್ಲ ಇದನ್ನೇ ಮಾಡಿದವರು ನಾವು.”

ಶಾಲ್ಮಲಿ ತಲೆ ಮೇಲೆ ಕೈಹೊತ್ತು ಕೂತಳು. ಯಂತ್ರ ಆಗಲೇ ಸೋಲು ಬರೆದಿತ್ತು: ‘ಬೇಕು’ ಎನ್ನುವವರು ನೂರಕ್ಕೆ ನಲವತ್ತೊಂದು. ಈ ಮುದುಕಿಯ ಮೊಮ್ಮಗಳಿಗೆ ಏನಾದರೂ ಆದರೆ ಆ ಪಾಪ ತನ್ನದೇ ಎಂದುಕೊಂಡಳು.

ಎಣಿಕೆ ಮುಗಿದಾಗ ಬಂದದ್ದು ಐವತ್ತೆರಡು!

ನಂಬಲಾಗದೆ ಅವಳು ಮರುದಿನ ಬೆಳಿಗ್ಗೆಯೇ ಹಿಕ್ಸನ ಬಾಗಿಲು ತಟ್ಟಿ, ಯಂತ್ರದ ತೊಂಬತ್ತೇಳರ ಲೆಕ್ಕ ತೋರಿಸಿದಳು.

“ನಿನ್ನ ಯಂತ್ರ ಸುಳ್ಳು ಹೇಳಿಲ್ಲ ತಾಯಿ,” ಎಂದ ಅವನು. “ಸರ್ಕಾರಕ್ಕೆ ಇನ್ನೊಂದು ಕಾಸು ಬಿಚ್ಚೋನಲ್ಲ ನಾನು. ಆದ್ರೆ ಆ ಲುವೆಲ್ಲಾ ಮೂರು ಸಲ ಬಂದ್ಲು. ಎರಡು ಸಲ ಬೈದು ಕಳಿಸಿದೆ. ಮೂರನೇ ಸಲ, ‘ನಿನ್ನ ಮಗಳನ್ನ ಮೊದಲು ಎತ್ಕೊಂಡ ಕೈ ಇದು, ಮರೆತೆಯಾ?’ ಅಂದ್ಲು. ಹೋಗಿ ‘ಬೇಕು’ ಅಂತ ಹಾಕ್ಬಿಟ್ಟೆ. ಹನ್ನೊಂದು ವರ್ಷ ಆಯ್ತು, ಮತ ಕೇಳೋಕೆ ಒಂದು ನರಪಿಳ್ಳೆನೂ ಈ ಕಡೆ ತಲೆ ಹಾಕಿಲ್ಲ.”

ಹನ್ನೊಂದು ವರ್ಷ. ಒಲವುಮಾಪಕ ಪೇಟೆಗೆ ಬಂದು ಅಷ್ಟೇ ವರ್ಷವಾಗಿತ್ತು. ಯಾರೂ ಹೋಗಿ ಕೇಳದಿದ್ದ ಮನೆಗಳ ಉತ್ತರ ಬದಲಾಗದೆ ಉಳಿದದ್ದನ್ನೇ ಅವಳು ತನ್ನ ಯಂತ್ರದ ಜಾಣತನ ಎಂದುಕೊಂಡಿದ್ದಳು.

ಡಿಸೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಲುವೆಲ್ಲಾಳ ಮರಿಮಗಳು ಹುಟ್ಟಿದಳು. ಕೂಸನ್ನು ನೋಡಲು ಬಂದ ಶಾಲ್ಮಲಿ ಹೊಸ ಕನ್ನಡಕ ತಂದಿದ್ದಳು. ಅದರಲ್ಲಿ ಶೇಕಡಾವಾರಿನ ಕೆಳಗೆ ಇನ್ನೊಂದು ಸಾಲಿತ್ತು: ಈ ಬಾಗಿಲನ್ನು ಕೊನೆಯ ಸಲ ತಟ್ಟಿದ್ದು ಯಾವಾಗ.

“ನಿಮ್ಮೂರಲ್ಲೂ ಇಂಥ ಯಂತ್ರ ಇದೆಯೇನಮ್ಮಾ?” ಲುವೆಲ್ಲಾ ಕೇಳಿದಳು.

“ನಮ್ಮೂರಿಗೆ ಯಂತ್ರವೇ ಬೇಕಿರಲಿಲ್ಲ,” ಎಂದು ನಕ್ಕಳು ಶಾಲ್ಮಲಿ. ನಕ್ಕದ್ದು ಅರ್ಧಕ್ಕೇ ನಿಂತಿತು. 2023ರ ಬೇಸಿಗೆ, ಹಾವೇರಿ, ಅವಳಿಗೆ ಒಂಬತ್ತು ವರ್ಷ. ಸೋದರಮಾವ ಚಹಾದಂಗಡಿಯಲ್ಲಿ ಮತದಾರರ ಪಟ್ಟಿ ಹರವಿಕೊಂಡು, ಹೆಸರು ನೋಡಿಯೇ ಜಾತಿ ಧರ್ಮ ಗುರುತು ಹಾಕುತ್ತಿದ್ದ. “ಆ ಓಣಿಯವ್ರು ನಮಗ ವೋಟ್ ಹಾಕಂಗಿಲ್ಲ, ಅಲ್ಲಿ ಹೋಗೂದ ಬ್ಯಾಡ,” ಎಂದಿದ್ದ.

ಆ ಓಣಿಯಲ್ಲಿ ಅವಳ ಗೆಳತಿ ಮೆಹಜಬೀನಳ ಮನೆಯಿತ್ತು. ಯಾರಾದರೂ ಹೋಗಿ ಕೇಳಿದ್ದರೆ ಆ ಮನೆಯವರು ಏನನ್ನುತ್ತಿದ್ದರೋ, ಶಾಲ್ಮಲಿಗೆ ಇಂದಿಗೂ ಗೊತ್ತಿಲ್ಲ.