ಸಡಿಲವಾಗದ ರವಿಕೆ

ಗಾಜಿನ ತಟ್ಟೆಯ ಮೇಲೆ ತೊಟ್ಟು ಬಿಟ್ಟ ರವಿಕೆಯೊಂದನ್ನು ಹರಡಿ ಮುಚ್ಚಳ ಹಾಕಿದರೆ ಸಾಕು, ಒಳಗೆ ತೆಳುವಾದ ನೀಲಿ ಬೆಳಕು ಹಾಯುತ್ತದೆ. ಮೈ ಎಳೆದ ಕಡೆ ಬಟ್ಟೆಯ ಎಳೆ ಕೂದಲೆಳೆಯಷ್ಟು ಹಿಗ್ಗಿರುತ್ತದೆ; ಮೈ ತಾಗದ ಕಡೆ ಮಗ್ಗದಿಂದ ಇಳಿದ ಹಾಗೆಯೇ ಉಳಿದಿರುತ್ತದೆ. ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಬೆಳಕು ಓದಿ, ತೊಟ್ಟವರ ಮೈಕಟ್ಟು ಎಂಥದ್ದೆಂದು ಲೆಕ್ಕ ಹಾಕುತ್ತದೆ. ಅರೆಗಳಿಗೆಯಲ್ಲಿ ಪರದೆಯ ಮೇಲೆ ಅಳತೆಪಟ್ಟಿ ಮೂಡುತ್ತದೆ: ಈ ಅಂಗಡಿಯದಾದರೆ ಮೂವತ್ತಾರು, ಆ ಅಂಗಡಿಯದಾದರೆ ಮೂವತ್ತೆಂಟು, ಇನ್ನೊಂದರದು ತೋಳಿನಲ್ಲಿ ಬಿಗಿ, ಬೇಡ.

ಇದರ ಹೆಸರು ನೂಲೋದುಗ. ಕಂಡುಹಿಡಿದವರು ಹುಬ್ಬಳ್ಳಿಯ ಮೇದಿನಿ ಪತ್ತಾರ. ಅದಕ್ಕೆ ಮೊದಲು ಆನ್‌ಲೈನಿನಲ್ಲಿ ಬಟ್ಟೆ ತರಿಸುವುದೆಂದರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆ. ಒಬ್ಬರ ಮೂವತ್ತಾರು ಇನ್ನೊಬ್ಬರ ಮೂವತ್ತೆಂಟು. ಎರಡು ತರಿಸಿ ಒಂದನ್ನು ಹಿಂದಿರುಗಿಸುವುದೇ ವ್ಯವಹಾರವಾಗಿತ್ತು. ಮುಂದೆ ನಿಲ್ಲಿಸಿ ಮೈ ಅಳೆಯುವ ಕ್ಯಾಮೆರಾಗಳೂ ಬಂದವು, ಹೆಂಗಸರು ಒಲ್ಲೆವೆಂದರು. ದರ್ಜಿಗೇ ಟೇಪು ಹಿಡಿಯಲು ಬಿಡದೆ, ಹಳೆಯ ಅಳತೆ ರವಿಕೆ ಕೊಟ್ಟು ‘ಇದರ ಹಾಗೆ ಹೊಲಿ’ ಎಂದು ಬರುವವರು ಕ್ಯಾಮೆರಾದ ಮುಂದೆ ನಿಂತಾರೆಯೇ? ಮೇದಿನಿ ಆ ಪದ್ಧತಿಯನ್ನೇ ಯಂತ್ರಕ್ಕೆ ಕಲಿಸಿದರು. ಹೊಸ ಬಟ್ಟೆ ಬೇಕಾದಾಗಲೆಲ್ಲ ಈಚೆಗೆ ತೊಟ್ಟದ್ದೊಂದನ್ನು ತಂದು ಓದಿಸಿದರಾಯಿತು.

ಮಹಾಲಯ ಅಮಾವಾಸ್ಯೆ ಹತ್ತಿರವಾಗಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಚನ್ನವೀರಪ್ಪ ನೂಲೋದುಗ ಕೇಂದ್ರದ ಪರದೆಯ ಮುಂದೆ ಕನ್ನಡಕ ಒರೆಸಿ ಮತ್ತೆ ಓದಿದರು. ಮೇಲೆ ಅವರ ಹೆಂಡತಿ ಕಾಶವ್ವನ ಹೆಸರಿತ್ತು. ಕೆಳಗಿದ್ದ ಅಳತೆ ಆಕೆಯದಲ್ಲ.

“ಇದು ತಪ್ಪೈತಿ,” ಎಂದರು. “ಆಕಿ ತೋಳು ಇಷ್ಟು ದಪ್ಪ ಇರಲಿಲ್ಲ.”

ಅಂದು ಮೇದಿನಿಯೇ ಕೇಂದ್ರದಲ್ಲಿದ್ದರು. ತಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ಬಂದರು.

“ಈ ಜಂಪರ್ ತೊಟ್ಟಾರು ಯಾರ್ರೀ, ಅಜ್ಜಾರ?”

“ನನ್ನ ಸೊಸಿ ಉಮಾ.”

“ಮತ್ತ ಹೆಸರು ಕಾಶವ್ವಾರದು ಐತಲ್ಲ?”

“ಕಾಶವ್ವ ತೀರಿಕೊಂಡು ಮೂರು ವರ್ಷ ಆತು. ಹಿರೇರ ಹಬ್ಬಕ್ಕ ಆಕಿ ಹೆಸರಲೆ ಸೀರಿ ಜಂಪರ್ ತಂದು ಎಡಿ ಹಿಡೀತೀವಿ. ಆಮ್ಯಾಲೆ ಸೊಸಿ ಉಡತಾಳ. ಪೆಟ್ಟಿಗ್ಯಾಗ ಮುಚ್ಚಿಟ್ರ ಹಿರೇರಿಗೆ ಮುಟ್ಟತೈತೇನು? ಇದು ಹೋದ ವರ್ಷ ಆಕಿ ಹೆಸರಲೆ ದರ್ಜಿ ಕಡೆ ಹೊಲಿಸಿದ್ದು.”

ಮೇದಿನಿ ನಕ್ಕರು. “ಹಂಗಾದ್ರ ಯಂತ್ರದ್ದೇನೂ ತಪ್ಪಿಲ್ಲ ಬಿಡ್ರಿ. ಅದರ ಪಾಲಿಗೆ ಈಗ ಉಮಾನೇ ಕಾಶವ್ವ.”

ಚನ್ನವೀರಪ್ಪ ನಗಲಿಲ್ಲ. “ನಗೋ ಮಾತಲ್ಲವಾ ತಂಗಿ. ಆಕೀದಂತ ಉಳದದ್ದು ಆ ಅಳತಿ ಒಂದ. ಅದೂ ಹೋತಂದ್ರ ನಾ ಯಾರಿಗೆ ಎಡಿ ಹಿಡೀಲಿ?”

ಮೇದಿನಿಯ ನಗು ನಿಂತಿತು. ಹೊಸ ಅಳತೆ ಬಂದ ಕೂಡಲೇ ಹಳೆಯದನ್ನು ಅಳಿಸಿಬಿಡುವುದು ಯಂತ್ರದ ನಿಯಮ. ಜನರ ಮೈಯ ಗುಟ್ಟನ್ನು ಯಾರೂ ಕೂಡಿಟ್ಟುಕೊಳ್ಳಬಾರದೆಂದು ಅವರೇ ಮಾಡಿದ ನಿಯಮ ಅದು. “ಅವರ ಮೈಮ್ಯಾಲಿದ್ದ ಜಂಪರ್ ಮನಿಯೊಳಗ ಇದ್ರ ತಗೊಂಡು ಬರ್ರಿ,” ಎಂದರು. “ಎಳಿಯೊಳಗ ಅವರ ಅಳತಿ ಇರತೈತಿ. ತಗದು ಕೊಡತೀನಿ.”

ಮಾರನೆಯ ದಿನ ಸೊಸೆಯೂ ಜೊತೆಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು.

“ನಾ ದಪ್ಪ ಆಗೇನಿ ಅಂತ ಹುಬ್ಬಳ್ಳಿಗೆಲ್ಲಾ ಡಂಗುರ ಹೊಡದು ಬಂದೀರಂತಲ್ಲ, ಮಾವಾರ?” ಎಂದು ದಾರಿಯುದ್ದಕ್ಕೂ ಕಾಡಿದ್ದಳು. ಕೇಂದ್ರದ ಒಳಗೆ ಬಂದ ಮೇಲೆ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

ಗಂಟಿನಲ್ಲಿ ಐದು ರವಿಕೆಗಳಿದ್ದವು. ಒಂದು ದರ್ಜಿ ಹೊಲಿದ ಹಳೆಯ ಅಳತೆ ರವಿಕೆ. ಉಳಿದವು ನೂಲೋದುಗದ ಪಟ್ಟಿ ನೋಡಿ ಕಾಶವ್ವ ತರಿಸಿಕೊಂಡವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಉಮಾಳಿಗೆ ಬಣ್ಣದ ಮೇಲೆ ನೆನಪಿತ್ತು. ಮೇದಿನಿ ಒಂದೊಂದನ್ನೇ ಓದಿಸಿ ಕೊಟ್ಟ ಹಾಗೆ ಆಕೆ ಅವನ್ನು ಮೇಜಿನ ಮೇಲೆ ಒಂದರ ಮೇಲೊಂದು ಹರಡುತ್ತ ಹೋದಳು. ದರ್ಜಿಯದು ಎಲ್ಲಕ್ಕಿಂತ ಕೆಳಗೆ. ಅದರ ಮೇಲಿನ ಹಸಿರಿನದು ಒಂದು ಬೆರಳು ಒಳಗೆ ಕುಳಿತಿತು. ಕೆಂಪಿನದು ಇನ್ನೊಂದು ಬೆರಳು ಒಳಗೆ, ನೀಲಿಯದು ಮತ್ತೊಂದು. ಕೊನೆಯ ಹಳದಿ ರವಿಕೆ ಶಾಲೆಗೆ ಹೋಗುವ ಹುಡುಗಿಯದರ ಹಾಗಿತ್ತು.

“ಇವು ನಾಕೂ ಯಾವಾಗ ತರಿಸಿದ್ರು?” ಮೇದಿನಿ ಕೇಳಿದರು.

“ಒಂದ ವರ್ಷದಾಗ್ರಿ,” ಎಂದಳು ಉಮಾ. “‘ಬಟ್ಟಿ ಹಿಗ್ಗೇತಿ, ಸಡಿಲ ಆಗೇತಿ’ ಅಂತಿದ್ರು ಅತ್ತಿ. ನಾವೂ ಹೌದಂತ ತಿಳ್ಕೊಂಡ್ವಿ.”

ಮೇದಿನಿ ಪರದೆಯ ಕಡೆ ನೋಡಿದರು. “ಬಟ್ಟಿ ಹಿಗ್ಗಿಲ್ಲ. ಮೈ ತಾಗಿದ ಕಡೆ ಕೂದಲೆಳಿಯಷ್ಟು ಬಿಟ್ರ ಎಳಿ ಎಲ್ಲಾ ಹೊಸದಿದ್ದಂಗ ಅದಾವ.”

ಚನ್ನವೀರಪ್ಪ ಹಳದಿ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು. ಇದನ್ನು ತೊಟ್ಟು ಕಾಶವ್ವ ಪಡಸಾಲೆಗೆ ಬಂದದ್ದು ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಭುಜ ಜಾರಿರಲಿಲ್ಲ, ತೋಳು ಜೋತಿರಲಿಲ್ಲ. ‘ಹೇಳಿ ಹೊಲಿಸಿದಂಗ ಐತಿ ನೋಡು,’ ಎಂದು ಅವರೇ ಮೆಚ್ಚಿದ್ದರು. ಹಸಿರಿನದು ಬಂದಾಗಲೂ ಅದೇ ಮಾತು, ಕೆಂಪಿನದು ಬಂದಾಗಲೂ ಅದೇ. ಆಕೆ ನಕ್ಕು ಒಳಗೆ ಹೋಗುತ್ತಿದ್ದಳು. ರೋಗ ತಿಳಿದು ಆಸ್ಪತ್ರೆಗೆ ಕರೆದೊಯ್ದಾಗ, ಇಷ್ಟು ಇಳಿದುಹೋಗುವ ತನಕ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ವೈದ್ಯರು ಕೇಳಿದ್ದರು.

“ನಿನ್ನ ಯಂತ್ರ ಒಂದ ಸಲಾನೂ ತಪ್ಪಿಲ್ಲವಾ,” ಎಂದರು ಚನ್ನವೀರಪ್ಪ. “ಒಂದ ಸಲ ತಪ್ಪಿದ್ರ ಚೊಲೊ ಇತ್ತು. ಭುಜದಿಂದ ಜಾರಿದ್ರ ನಾ ನೋಡತಿದ್ದೆ.”

ಉಮಾ ರವಿಕೆಗಳನ್ನು ಮಡಚಲು ಹೋಗಿ ಮಡಚಲಾರದೆ ಕೈ ಬಿಟ್ಟಳು.

“ಯಾವ ಅಳತಿ ಇಟ್ಕೋಬೇಕ್ರಿ, ಅಜ್ಜಾರ?” ಎಂದು ಮೇದಿನಿ ಕೇಳಿದರು.

“ಯಾವುದಂತ ಹೇಳ್ಲಿ? ಎಲ್ಲಾ ಆಕೀವ.” ಅವರು ಅಳತೆ ರವಿಕೆಯನ್ನು ಮಾತ್ರ ತೆಗೆದು ಹೆಗಲ ಮೇಲೆ ಹಾಕಿಕೊಂಡರು. “ಹಬ್ಬಕ್ಕ ಉಮಾಗ ಆಗೋದ ತರಸು. ಉಡೋ ಮೈ ಈಕೀದು.”

ಅಮಾವಾಸ್ಯೆಯ ದಿನ ಕಾಶವ್ವನ ಪಟದ ಮುಂದೆ ಕಡಬು, ಹೊಸ ಸೀರೆ, ಹೊಸ ರವಿಕೆ ಇಟ್ಟರು. ಪಕ್ಕದಲ್ಲಿ ಹಳೆಯ ಅಳತೆ ರವಿಕೆಯೂ ಇತ್ತು. ಚನ್ನವೀರಪ್ಪ ವಿಭೂತಿ ಹಚ್ಚಿ, ಕೈ ಮುಗಿದು, ಬಹಳ ಹೊತ್ತು ಆಕೆಯ ಮುಖವನ್ನೇ ನೋಡುತ್ತ ಕುಳಿತರು. ಉಮಾ ಹೊಸದನ್ನು ಉಟ್ಟು ಬಂದು ಕಾಲಿಗೆ ಬಿದ್ದಾಗ, “ಶಿವಾ, ಚೊಲೊ ಇಡಪ್ಪ,” ಎಂದರು. ರವಿಕೆ ಹೇಗೆ ಒಪ್ಪುತ್ತದೆಂದು ಹೇಳಲಿಲ್ಲ.

ಮೇದಿನಿ ತಮ್ಮ ನಿಯಮವನ್ನು ತಾವೇ ಮುರಿದರು. ಅಂದಿನಿಂದ ನೂಲೋದುಗ ಹಿಂದಿನ ಅಳತೆಯೊಂದನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸದು ಅದಕ್ಕಿಂತ ತೀರ ಇಳಿದಿದ್ದರೆ ಪಟ್ಟಿಯ ಮೊದಲ ಸಾಲಿನಲ್ಲಿ ಅಂಗಡಿಯ ಹೆಸರು ಬರುವುದಿಲ್ಲ. ‘ಬಟ್ಟೆ ಸಡಿಲವಾಗಿಲ್ಲ, ಒಮ್ಮೆ ವೈದ್ಯರನ್ನು ಕಾಣಿರಿ’ ಎಂದು ಬರುತ್ತದೆ. ಗಿರಾಕಿಗಳು ಹೆದರುತ್ತಾರೆ ಎಂದು ಅಂಗಡಿಗಳು ತಕರಾರು ಮಾಡಿದವು. ಮೇದಿನಿ ಆ ಸಾಲನ್ನು ತೆಗೆಯಲಿಲ್ಲ.

ಅಂಥ ಯಂತ್ರ ಬರಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ನಾವು ತರಿಸಿದ ಬಟ್ಟೆ ಸರಿಯಾಗಿ ಕೂರುವುದಿಲ್ಲ, ಬೈಯುತ್ತೇವೆ, ಹಿಂದಿರುಗಿಸುತ್ತೇವೆ. ಆದರೆ ಮನೆಯಾಕೆ ಜಾರಿದ ಭುಜವನ್ನು ಸರಿಪಡಿಸಿಕೊಳ್ಳುತ್ತ ‘ಬಟ್ಟೆ ಹಿಗ್ಗಿದೆ’ ಎಂದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಆಕೆಯ ಮುಖವನ್ನು ಒಮ್ಮೆ ನೋಡುವುದು ಒಳ್ಳೆಯದು.